ಅಪ್ಪ ನಿಲ್ಲುತ್ತಿದ್ದ ರೀತಿ

ನಮ್ಮಣ್ಣನನ್ನು ನೀವು ಖಂಡಿತ ನೋಡಿರುತ್ತೀರಿ. ಹೆಸರು ಹೇಳಿದರೆ ಗೊತ್ತಾಗಲಿಕ್ಕಿಲ್ಲ, ಮುಖ ನೋಡಿದರೆ ಮಾತ್ರ ಇವರನ್ನು ಎಲ್ಲೋ ನೋಡಿದ್ದೀನಲ್ಲ ಅಂತ ತಲೆ ಕೆರೆದುಕೊಳ್ಳುತ್ತೀರಿ. ಸಿನಿಮಾದಲ್ಲಿ ಆಪರೇಷನ್ ಕೋಣೆಯಿಂದ ಹೊರಗೆ ಬಂದು, ಮಾಸ್ಕ್ ಕಳಚಿ, ಏನೂ ಮಾತಾಡದೆ ತಲೆ ಅಲ್ಲಾಡಿಸುವ ಡಾಕ್ಟರ್ ಅವನೇ. ನಾಯಕಿಯ ಮದುವೆ ಮುರಿದುಬಿದ್ದಾಗ ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿಯುವ ಅಪ್ಪನೂ ಅವನೇ. ಬ್ಯಾಂಕ್ ಮ್ಯಾನೇಜರ್, ಜಡ್ಜ್, ಕಳ್ಳಸಾಗಣೆಯವನ ಬಲಗೈ ಬಂಟ, ಪಕ್ಕದ ಮನೆಯ ಕುಡುಕ, ಯಾವುದಕ್ಕೂ ಇಲ್ಲ ಅಂದವನಲ್ಲ. ಒಂದು ಸಿನಿಮಾದಲ್ಲಂತೂ ಇಂಟರ್ವಲ್ಲಿಗೆ ಮುಂಚೆ ಪೊಲೀಸ್, ಇಂಟರ್ವಲ್ ಆದಮೇಲೆ ಮೀಸೆ ತೆಗೆದು ವಕೀಲ. ಒಬ್ಬ ಪ್ರೇಕ್ಷಕನಿಗೂ ಗುರುತು ಸಿಗಲಿಲ್ಲ ಅಂತ ಅವನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ನನಗೆ ಅದನ್ನು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಗುರುತು ಸಿಗದೇ ಇರುವುದು ಹೆಮ್ಮೆ ಪಡುವ ವಿಷಯವೇನು?

ನಾನು ಅವನ ತಂಗಿ. ಹೊಲಿಗೆ ನನ್ನ ಕಸುಬು. ಅಣ್ಣನಿದ್ದ ನಾಟಕ ತಂಡಕ್ಕೆ ಉಡುಪು ಹೊಲಿಯುತ್ತಿದ್ದವಳೂ ನಾನೇ. ತಂಡದವರು ನನ್ನನ್ನು ಸೂಜಿ ಅಂತ ಕರೆಯುತ್ತಿದ್ದರು, ಅರ್ಧ ಕೆಲಸ ನೋಡಿ, ಅರ್ಧ ನಾಲಿಗೆ ನೋಡಿ. ಅಣ್ಣ ಮದುವೆಯಾಗಲಿಲ್ಲ. ಪಾತ್ರಗಳಲ್ಲಿ ಬೇಕಾದಷ್ಟು ಸಲ ಆಗಿದೆ, ಸಾಕು ಅನ್ನುತ್ತಿದ್ದ. ನಾನು ಮದುವೆಯಾಗಿ ಒಂದೇ ವರ್ಷಕ್ಕೆ ವಾಪಸ್ ಬಂದೆ. ಅದು ಬೇರೆ ಕಥೆ, ಇಲ್ಲಿ ಬೇಡ. ಹಾಗಾಗಿ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಆ ಬಾಡಿಗೆ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ನಾನು, ನನ್ನ ಹೊಲಿಗೆ ಮಿಷನ್ನು, ಎಲ್ಲರೂ ಒಬ್ಬರ ಕಾಲಿಗೊಬ್ಬರು ಸಿಕ್ಕಿಕೊಂಡು ಬದುಕಿದೆವು.

ಅಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಡ್ಯೂಟಿ ಮುಗಿಸಿ ಮನೆಗೆ ಬಂದಮೇಲೂ ಅವನು ಕೂರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಎಡಗಾಲು ಸ್ವಲ್ಪ ಮುಂದೆ, ಮಂಡಿ ಸಡಿಲ, ಬಲಗೈಯ ಎರಡು ಬೆರಳು ಬಾಗಿಲ ಚೌಕಟ್ಟಿನ ಮೇಲೆ, ಸೊಂಟ ಬಾಗಿಲ ಮರಕ್ಕೆ ಹೀಗೆ ತಾಗಿದ್ದೂ ತಾಗದ ಹಾಗೆ. ಅಲ್ಲಿಂದಲೇ ಅಮ್ಮನ ಜೊತೆ ಮಾತು, ಅಲ್ಲೇ ಟೀ. "ಮನೆ ಏನೂ ಓಡ್ತಾ ಇಲ್ಲ, ಕೂತ್ಕೊಳ್ಳಿ" ಅಂತ ಅಮ್ಮ ದಿನಾ ಹೇಳುತ್ತಿದ್ದಳು. ಇನ್ನೊಂದು ಅಭ್ಯಾಸವಿತ್ತು. ಯಾರಾದರೂ ಕೆಟ್ಟ ಸುದ್ದಿ ತಂದರೆ, ಅಪ್ಪ ಉತ್ತರ ಕೊಡುವ ಮೊದಲು ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ, ಎಲ್ಲರೂ ಹತ್ತಿದರಾ ಅಂತ ನೋಡಿಕೊಳ್ಳುವ ಹಾಗೆ. ಆಮೇಲೆ "ಹೂಂ, ಹೇಳು" ಅನ್ನುತ್ತಿದ್ದ. ಅವನ ತಮ್ಮ ತೀರಿಕೊಂಡ ಸುದ್ದಿ ಬಂದಾಗಲೂ ಹಾಗೇ ಮಾಡಿದ.

ಅಣ್ಣನಿಗೆ ಚಿಕ್ಕಂದಿನಿಂದ ಒಂದು ರೋಗ. ಹಾಗಂತ ಅಮ್ಮನೇ ಹೇಳುತ್ತಿದ್ದದ್ದು. ಯಾರನ್ನಾದರೂ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರೆ ಸಾಕು, ಅವರು ಅವನ ಮೈಗೆ ಅಂಟಿಕೊಳ್ಳುತ್ತಿದ್ದರು. ತೊದಲುತ್ತಿದ್ದ ಮಾವ ಬಂದು ಒಂದು ವಾರ ಇದ್ದು ಹೋದ, ಅಣ್ಣ ಆಮೇಲೂ ಎಷ್ಟೋ ದಿನ ತೊದಲಿದ. ಅಣಕಿಸುತ್ತಾನೆ ಅಂದುಕೊಂಡು ಶಾಲೆಯಲ್ಲಿ ಬಾರಿಸಿದರು. ಪಾಪ, ಅವನು ಅಣಕಿಸುತ್ತಿರಲಿಲ್ಲ. ಬೇಡ ಅಂದರೂ ಬಂದುಬಿಡುತ್ತಿತ್ತು. ಕೆಳಗಿನ ಸೈಕಲ್ ಅಂಗಡಿಯವನು ಕುಂಟುತ್ತಿದ್ದ. ಅಣ್ಣ ಅವನ ಹತ್ತಿರ ಹೆಚ್ಚು ಹೊತ್ತು ಕೂತರೆ ಅಮ್ಮ ಮಹಡಿಯಿಂದಲೇ ಕೂಗಿ ಮೇಲೆ ಕರೆಸಿಕೊಳ್ಳುತ್ತಿದ್ದಳು.

ಆ ರೋಗವೇ ಅವನಿಗೆ ಅನ್ನ ಕೊಟ್ಟಿತು. ಓದು ತಲೆಗೆ ಹತ್ತಲಿಲ್ಲ, ನಾಟಕ ತಂಡಕ್ಕೆ ಸೇರಿಕೊಂಡ. ಮೊದಲು ಸಿಕ್ಕಿದ್ದು ಪರದೆಯ ಪಕ್ಕ ನಿಂತು, ಮಾತು ಮರೆತವರಿಗೆ ಪಿಸುಮಾತಿನಲ್ಲಿ ಎತ್ತಿಕೊಡುವ ಕೆಲಸ. ಅಲ್ಲಿ ನಿಂತು ನಿಂತು ಎಲ್ಲರ ಮಾತೂ, ಎಲ್ಲರ ನಡಿಗೆಯೂ ಅವನಿಗೆ ಬಂದುಬಿಟ್ಟಿತು. ರಾಜನಿಗೆ ಹೊಟ್ಟೆ ಕೆಟ್ಟ ದಿನ ರಾಜನಾದ. ಸೇವಕ ಊರಿಗೆ ಹೋದಾಗ ಸೇವಕನಾದ. ನಾಯಕಿಗೆ ಜ್ವರ ಬಂದಾಗ ನಾಯಕಿಯೂ ಆದ. ನಾನು ಕೂತಲ್ಲೇ ಹೊಲಿಗೆ ಬಿಚ್ಚಿ ಸೊಂಟ ಅಗಲ ಮಾಡಿಕೊಟ್ಟೆ, ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಹುಡುಗಿ ಯಾರ ಮನೆಯವಳು ಅಂತ ವಿಚಾರಿಸಿದರು. ತಂಡದಲ್ಲಿ ಅವನಿಗೆ ಸ್ಟೆಪ್ನಿ ಅಂತ ಹೆಸರು ಬಿತ್ತು. ಯಾವ ಚಕ್ರ ಪಂಕ್ಚರ್ ಆದರೂ ಅವನನ್ನು ಹಾಕುವುದು, ಸರಿಹೋದಮೇಲೆ ಕಳಚಿ ಹಿಂದಕ್ಕೆ ಕಟ್ಟುವುದು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಅವನೂ ನಗುತ್ತಲೇ ಓಗೊಡುತ್ತಿದ್ದ. ಸಿನಿಮಾದವರು ಕರೆದದ್ದೂ ಇದೇ ಕಾರಣಕ್ಕೆ. ಯಾರೋ ಕೈಕೊಟ್ಟಿರುತ್ತಿದ್ದರು, ಇವನು ಹೋಗಿ ನಿಲ್ಲುತ್ತಿದ್ದ.

ತಂಡದ ನಿರ್ದೇಶಕ ಅಣ್ಣನ ವಾರಿಗೆಯವನು. ಎಲ್ಲರೂ ಅವನನ್ನು ಗಡ್ಡ ಅನ್ನುತ್ತಿದ್ದರು. ಮುಂದೆ ಸಿನಿಮಾಕ್ಕೆ ಹೋಗಿ ನುಣ್ಣಗೆ ಬೋಳಿಸಿಕೊಂಡಮೇಲೂ ನಮಗೆ ಗಡ್ಡನೇ. ಅವನಿಗೆ ಆಗ ಸರಿಯಾದ ರೂಮೂ ಇರಲಿಲ್ಲ. ಸಂಜೆಯಾದರೆ ನಮ್ಮ ಮೆಟ್ಟಿಲು ಹತ್ತುತ್ತಿದ್ದ. ಅಮ್ಮ ಅವನಿಗೂ ಒಂದು ತಟ್ಟೆ ಇಡುತ್ತಿದ್ದಳು, ಬರದಿದ್ದರೆ ಎತ್ತಿ ಮುಚ್ಚಿಡುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದವನಿಗೂ ಅವನಿಗೂ ನಮ್ಮ ಮನೆಯಲ್ಲಿ ವ್ಯತ್ಯಾಸ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಹೊರಗಿನವನು ಮೋಸ ಮಾಡಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ.

ಅಪ್ಪ ನಿವೃತ್ತನಾಗಿ ಸ್ವಲ್ಪ ಕಾಲಕ್ಕೆ ಅವನ ನೆನಪು ಹೋಗತೊಡಗಿತು. ಮೊದಲು ಬೀಗದ ಕೈ, ಆಮೇಲೆ ಬೀದಿ, ಆಮೇಲೆ ನಾವು. ಕೊನೆಗೆ ಉಳಿದದ್ದು ಬಸ್ಸು ಮಾತ್ರ. ಮಲಗುವ ಕೋಣೆಯೇ ಬಸ್ಸಾಯಿತು. ಒಳಗೆ ಕಾಲಿಟ್ಟವರಿಗೆಲ್ಲ "ಎಲ್ಲಿಗೆ?" ಅಂತ ಕೇಳಿ, ಪೇಪರಿನ ಅಂಚು ಹರಿದು ಟಿಕೆಟ್ ಕೊಡುತ್ತಿದ್ದ. ಅಮ್ಮ ಹಾಸಿಗೆಯ ಮೇಲೆ ಕೂತರೆ ಅದು ಬೇರೆಯವರ ಸೀಟು ಅಂತ ಎಬ್ಬಿಸುತ್ತಿದ್ದ. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಸ್ನಾನಕ್ಕೆ ಎಬ್ಬಿಸಲು ಹೋದರೆ ಒದೆಯುತ್ತಿದ್ದ. ಅಣ್ಣನೊಬ್ಬನಿಗೇ ಅದರ ಗುಟ್ಟು ಗೊತ್ತಾಗಿದ್ದು. ಅವನು ಬಾಗಿಲಲ್ಲಿ ಡ್ರೈವರನ ಹಾಗೆ ನಿಂತು "ಲಾಸ್ಟ್ ಸ್ಟಾಪ್. ಗಾಡಿ ಡಿಪೋಗೆ ಹೋಗತ್ತೆ, ಇಳೀರಿ" ಅನ್ನುತ್ತಿದ್ದ. ಅಪ್ಪ ಕಾಣದ ಕಂಬಿ ಹಿಡಿದುಕೊಂಡು, ಹಿಂದಕ್ಕೆ ತಿರುಗಿ ಯಾರಾದರೂ ಮಲಗಿಬಿಟ್ಟಿದ್ದಾರಾ ಅಂತ ನೋಡಿ, ಮಂಚದಿಂದ ಇಳಿಯುತ್ತಿದ್ದ. ಆಮೇಲೆ ಮಗುವಿನ ಹಾಗೆ ತಲೆಗೆ ನೀರು ಹಾಕಿಸಿಕೊಳ್ಳುತ್ತಿದ್ದ.

ಗಡ್ಡ ಆ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಅಪ್ಪನಿಗೆ ಅನ್ನ ತಿನ್ನಿಸುವಾಗ ಕೈ ಜೋಡಿಸುತ್ತಿದ್ದ. ಅಪ್ಪ ಹೋದ ದಿನ ನಮಗಿಂತ ಜೋರಾಗಿ ಅತ್ತವನು ಅವನು.

ಅದಾಗಿ ವರ್ಷ ಕಳೆದಮೇಲೆ, ಅಪ್ಪನ ಕಥೆಯನ್ನು ನಾಟಕ ಮಾಡೋಣವಾ ಅಂತ ಗಡ್ಡ ಕೇಳಿದ. ಅಣ್ಣ ಅಮ್ಮನ ಒಪ್ಪಿಗೆ ಕೇಳಿದ. ಮಾಡಿಕೊಳ್ಳಿ, ನಾನು ಮಾತ್ರ ನೋಡಲು ಬರುವುದಿಲ್ಲ ಅಂದಳು ಅಮ್ಮ. ರಜೆಯಲ್ಲಿ ಖಾಲಿ ಬಿದ್ದಿದ್ದ ಶಾಲೆಯೊಂದರ ಹಾಲ್‌ನಲ್ಲಿ ತಾಲೀಮು ಶುರುವಾಯಿತು. ಮೊದಲು ಬರೆದ ನಾಟಕ ಅಂತ ಏನೂ ಇರಲಿಲ್ಲ. ಅಣ್ಣ ಎದ್ದು ನಿಂತು ಅಪ್ಪನಾಗುತ್ತಿದ್ದ, ಬಾಯಿಗೆ ಬಂದದ್ದು ಆಡುತ್ತಿದ್ದ, ಗಡ್ಡ ಕೂತು ಬರೆದುಕೊಳ್ಳುತ್ತಿದ್ದ. ಪೋಸ್ಟರಿನಲ್ಲಿ ರಚನೆ, ನಿರ್ದೇಶನ ಎರಡೂ ಗಡ್ಡನ ಹೆಸರಿನಲ್ಲೇ ಬಂತು. ನಾನು ತಕರಾರು ತೆಗೆದೆ. ಬರೆದದ್ದು ಅವನೇ ತಾನೆ ಅಂತ ಅಣ್ಣ ನನ್ನ ಬಾಯಿ ಮುಚ್ಚಿಸಿದ. ನಾನು ಅಪ್ಪನ ಹಳೆಯ ಶರ್ಟಿನ ಅಳತೆ ತೆಗೆದು ಯೂನಿಫಾರಂ ಹೊಲಿದೆ. ಚಿಲ್ಲರೆಯ ಭಾರಕ್ಕೆ ಜೋತುಬಿದ್ದಿದ್ದ ಜೇಬನ್ನೂ ಹಾಗೇ ಜೋತುಬೀಳುವಂತೆ ಹೊಲಿದೆ.

ಆ ನಾಟಕದಲ್ಲಿ ಅಣ್ಣ ನಟಿಸುತ್ತಿದ್ದಾನೆ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಪರದೆ ಸರಿದರೆ ಮಂಚದ ಪಕ್ಕ ಅಪ್ಪ ನಿಂತಿರುತ್ತಿದ್ದ. ಡ್ಯೂಟಿ ಮುಗಿಸಿದ ಕಂಡಕ್ಟರುಗಳು ಯೂನಿಫಾರಮಿನಲ್ಲೇ ಬಂದು ನೋಡಿದರು. ಅವರಲ್ಲೊಬ್ಬ ನಾಟಕ ಮುಗಿದಮೇಲೆ ಒಳಗೆ ಬಂದು, ಅಣ್ಣನ ಕಾಲನ್ನೇ ನೋಡುತ್ತಾ ನಿಂತ. ಎಷ್ಟು ವರ್ಷ ಸರ್ವಿಸ್ ಮಾಡಿದ್ದೀರಿ ಅಂತ ಕೇಳಿದ. ಯಾರದೋ ಜಾಗ ತುಂಬಿಸಿಯೇ ಬದುಕಿದ್ದ ನನ್ನ ಅಣ್ಣನಿಗೆ, ಅವನಿಲ್ಲದಿದ್ದರೆ ಪ್ರದರ್ಶನವೇ ಇಲ್ಲ ಅನ್ನುವಂಥ ಪಾತ್ರ ಜೀವಮಾನದಲ್ಲಿ ಸಿಕ್ಕಿದ್ದು ಇದೊಂದೇ. ತಂಡದಲ್ಲಿ ಅವನನ್ನು ಸ್ಟೆಪ್ನಿ ಅನ್ನುವುದನ್ನೂ ಬಿಟ್ಟರು.

ಗಡ್ಡ ಸಿನಿಮಾಕ್ಕೆ ಹೋದ. ಮಾಡಿದ ಎರಡು ಸಿನಿಮಾನೂ ಓಡಿದವು. ಆಮೇಲೊಂದು ದಿನ ದೊಡ್ಡ ಕಾರಿನಲ್ಲಿ ಬಂದು, ಹಳೆಯ ಹಾಗೇ ನಮ್ಮ ಅಡುಗೆಮನೆಯಲ್ಲಿ ಕೂತು ಊಟ ಮಾಡಿದ. ನಾಟಕವನ್ನು ಸಿನಿಮಾ ಮಾಡುತ್ತೇನೆ ಅಂದ. ಅಮ್ಮನ ಕೈ ಹಿಡಿದುಕೊಂಡು "ನಿಮ್ಮ ಮಗ ಇಲ್ದೆ ಈ ಸಿನಿಮಾನೇ ಇಲ್ಲಮ್ಮ" ಅಂದ. ಅಷ್ಟು ಹೊತ್ತಿಗೆ ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆದಮೇಲೂ ಪೂರ್ತಿ ತಿಳಿಯಾಗಿರಲಿಲ್ಲ. ಎದುರಿಗಿರುವವರು ಯಾರು ಅಂತ ದನಿಯಿಂದಲೇ ತಿಳಿದುಕೊಳ್ಳುತ್ತಿದ್ದಳು.

"ಸಿನಿಮಾ ಆದ್ರೆ ನಾನೂ ಬರ್ತೀನಿ" ಅಂದಳು ಅಮ್ಮ. "ನಾಟಕದಲ್ಲಿ ಅವರು ನಿಜವಾಗ್ಲೂ ಎದುರಿಗೇ ನಿಂತಿರ್ತಾರೆ, ತಡ್ಕೊಳ್ಳಕ್ಕಾಗಲ್ಲ. ಸಿನಿಮಾ ಅಂದ್ರೆ ಬಟ್ಟೆ ಮೇಲೆ ತಾನೆ?"

ಅಣ್ಣ ಡಾಕ್ಟರು, ಜಡ್ಜು ಎಲ್ಲವನ್ನೂ ಬಿಟ್ಟ. ಕೂದಲಿಗೆ ಬಣ್ಣ ಹಾಕುವುದನ್ನು ನಿಲ್ಲಿಸಿದ, ಊಟ ಕಡಿಮೆ ಮಾಡಿದ. ಬೇರೆ ಯಾರನ್ನೂ ದಿಟ್ಟಿಸಿ ನೋಡಬಾರದು ಅಂತ ಬಸ್ಸು ಹತ್ತಿದರೆ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ. ಹುಚ್ಚು ಅಂತ ನಾನು ಛೇಡಿಸುತ್ತಿದ್ದೆ. ಒಳಗೊಳಗೆ ನನಗೂ ಖುಷಿಯೇ.

ಸ್ಟುಡಿಯೋದಲ್ಲಿ ಟ್ರಯಲ್ ಶೂಟ್ ಇಟ್ಟರು. ಟ್ರಯಲ್ ಅಂದರೆ ಬೆಳಕು, ಬಟ್ಟೆ, ಮೇಕಪ್ ನೋಡಿಕೊಳ್ಳಲು. ಪಳಗಿದ ನಟರು ಅದರಲ್ಲಿ ಪೂರ್ತಿ ಮಾಡುವುದಿಲ್ಲ, ಅಲ್ಲಿ ನಿಂತು ಇಲ್ಲಿ ಕೂತು ಅರ್ಧಂಬರ್ಧ ಮಾತಾಡಿ ಮುಗಿಸುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವನೇ ಅಣ್ಣ. ಆದರೆ ಅವತ್ತು ಗಡ್ಡ ಅವನ ಹೆಗಲ ಮೇಲೆ ಕೈ ಹಾಕಿ, ಇಡೀ ಪಾತ್ರ ಒಂದು ಸಲ ಮಾಡಿಬಿಡು, ಲೈಟಿನವರಿಗೂ ತಿಳಿಯಲಿ ಅಂದ. ಅಣ್ಣ ಮಾಡಿದ. ಮೊದಲ ಟಿಕೆಟ್ಟಿನಿಂದ ಕೊನೆಯ ಉಸಿರಿನವರೆಗೆ, ಒಂದು ಚೂರೂ ಉಳಿಸಿಕೊಳ್ಳಲಿಲ್ಲ. ಬೇರೆ ಪಾತ್ರವಾಗಿದ್ದರೆ ಉಳಿಸಿಕೊಳ್ಳುತ್ತಿದ್ದನೋ ಏನೋ, ಅಪ್ಪನನ್ನು ಅರ್ಧ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಲೈಟಿನವರು ಕಣ್ಣೊರೆಸಿಕೊಂಡರು. ನಾನು ಯೂನಿಫಾರಂ ಸರಿಮಾಡಲು ಹೋದವಳು ಗೋಡೆಗೆ ಒರಗಿ ನೋಡುತ್ತಿದ್ದೆ. ಎದುರಿಗೊಂದು ಕ್ಯಾಮೆರಾ, ಪಕ್ಕಕ್ಕೊಂದು, ಇನ್ನೊಂದು ನೆಲದ ಹತ್ತಿರ. ಅದು ಅವನ ಪಾದಗಳನ್ನೇ ಹಿಂಬಾಲಿಸುತ್ತಿತ್ತು. ಟ್ರಯಲ್‌ಗೆ ಪಾದ ಯಾಕೆ ಅಂತ ಕ್ಯಾಮೆರಾದವನನ್ನು ಕೇಳಿದೆ. ಡೈರೆಕ್ಟರ್ ಹೇಳಿದ್ದಾರೆ ಅಂದ. ಗಡ್ಡನೇ ಹೇಳಿದಮೇಲೆ ಮುಗಿಯಿತು ಅಂದುಕೊಂಡೆ.

ಆಮೇಲೆ ಸುದ್ದಿಯೇ ಇಲ್ಲ. ಅಣ್ಣ ಫೋನು ಮಾಡಿದರೆ ಗಡ್ಡ ಮೀಟಿಂಗಿನಲ್ಲಿ ಇರುತ್ತಿದ್ದ. ಒಂದು ಮಧ್ಯಾಹ್ನ ಸಿನಿಮಾದ ಉಡುಪಿನ ವಿಭಾಗದ ಹುಡುಗನೊಬ್ಬ ನನಗೆ ಫೋನ್ ಮಾಡಿದ. ನಾಟಕದ ಯೂನಿಫಾರಂ ನೀವೇ ಅಲ್ಲವಾ ಹೊಲಿದದ್ದು, ಅದೇ ಥರ ಒಂದಷ್ಟು ಬೇಕು ಅಂತ ಅಳತೆ ಹೇಳತೊಡಗಿದ. ನಾನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದುಕೊಳ್ಳುತ್ತಾ ಹೋದೆ. ಎದೆ ಬರೆದೆ, ಭುಜ ಬರೆದೆ, ಕೈ ನಿಂತಿತು. ಅಳತೆ ತಪ್ಪಾಗಿದೆ, ನಮ್ಮಣ್ಣನ ಭುಜ ಇಷ್ಟು ಅಗಲ ಇಲ್ಲ ಅಂದೆ.

"ನಿಮ್ಮಣ್ಣ ಯಾರು ಮೇಡಂ?" ಅಂದ ಅವನು.

ಪಾಪ, ಅವನಿಗೆ ಗೊತ್ತಿರಲಿಲ್ಲ. ಅವನು ಹೇಳಿದ ಅಳತೆ ಒಬ್ಬ ದೊಡ್ಡ ಹೀರೋದು. ಬೀದಿಯ ಗೋಡೆಗಳ ಮೇಲೆಲ್ಲ ಶರ್ಟಿನ ಗುಂಡಿ ಬಿಚ್ಚಿಕೊಂಡು ನಿಂತಿರುತ್ತಿದ್ದನಲ್ಲ, ಅವನದು. ನಾನು ಫೋನ್ ಇಟ್ಟು ಮೇಜು ಒರೆಸಿದೆ. ಪಕ್ಕದ ಕೋಣೆಯಲ್ಲಿ ಅಣ್ಣ ಕನ್ನಡಿಯ ಮುಂದೆ ನಿಂತು ಅಪ್ಪನ ಹಾಗೆ ಹಿಂದಕ್ಕೆ ತಿರುಗಿ ನೋಡುವುದನ್ನು ಅಭ್ಯಾಸ ಮಾಡುತ್ತಿದ್ದ. ಅವನಿಗೆ ಹೇಳಬೇಕಾದವಳು ನಾನಾದೆ. ಅವನು ಹೂಂ ಅಂದ, ಅಷ್ಟೆ. ಶರ್ಟು ಬದಲಾಯಿಸಿಕೊಂಡು ಬಂದು, ನಡಿ ಹೋಗೋಣ ಅಂದ.

ಗಡ್ಡನ ಆಫೀಸಿನಲ್ಲಿ ಮೆತ್ತನೆ ಸೋಫಾ ಇತ್ತು. ಅಣ್ಣ ಕೂರಲಿಲ್ಲ. ಗಡ್ಡ ತುಂಬ ಹೊತ್ತು ಮಾತಾಡಿದ. ನಿರ್ಮಾಪಕರು ಒಪ್ಪಲಿಲ್ಲ, ಹೊಸ ಮುಖಕ್ಕೆ ಥಿಯೇಟರ್ ಸಿಗುವುದಿಲ್ಲ, ನಾನು ಜಗಳವಾಡಿ ಸೋತೆ ಅಂದ. ಅಷ್ಟು ವರ್ಷ ತೆರೆಯ ಮೇಲೆ ಸತ್ತೂ ಹುಟ್ಟಿಯೂ ನಮ್ಮಣ್ಣ ಇನ್ನೂ ಹೊಸ ಮುಖವಂತೆ. ಕೊನೆಗೆ ಅವನು ಬಾಣ ಬಿಟ್ಟ.

"ಯಾರು ಮಾಡ್ತಾರೆ ಅನ್ನೋದಲ್ಲ ಕಣೋ ಮುಖ್ಯ. ನಿಮ್ಮಪ್ಪನ ಕಥೆ ಜನಕ್ಕೆ ತಲುಪಬೇಕು. ಅದು ನಿಂಗೆ ಬೇಡ್ವಾ?"

ನಾನು ಗಡ್ಡನನ್ನು ಅಲ್ಲಿಯತನಕ ನೀನು ಅಂತಿದ್ದವಳು. ಅವತ್ತು ಬಾಯಿಗೆ ಬಂದದ್ದು ನೀವು.

"ಪಾದಕ್ಕೆ ಕ್ಯಾಮೆರಾ ಇಡಿಸಿದ್ರಲ್ಲ, ಆವತ್ತೇ ಗೊತ್ತಿತ್ತಾ ನಿಮಗೆ?"

ಗಡ್ಡ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಇನ್ನೊಂದು ಕಡೆ ಇಟ್ಟ. ಅಣ್ಣ ನನ್ನ ಮೊಣಕೈ ಹಿಡಿದು ಸುಮ್ಮನಿರು ಅಂದ. ಅಮ್ಮನ ಕೈಯಡುಗೆ ಉಂಡವನು, ಅಪ್ಪನ ಬಾಯಿ ಒರೆಸಿದವನು, ನನ್ನ ಅಣ್ಣನನ್ನು ಕರೆಸಿ ಕ್ಯಾಮೆರಾದಲ್ಲಿ ಇಡಿಯಾಗಿ ಇಳಿಸಿಕೊಂಡು ಇನ್ನೊಬ್ಬನಿಗೆ ಪಾಠ ಮಾಡಲು ಇಟ್ಟುಕೊಂಡಿದ್ದ. ಮೆಟ್ಟಿಲಿಳಿಯುವಾಗ ಅಣ್ಣ ಹೇಳಿದ್ದು ಒಂದೇ ಮಾತು, ಅಮ್ಮನಿಗೆ ಗೊತ್ತಾಗುವುದು ಬೇಡ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಶೂಟಿಂಗ್ ಮುಗಿದಮೇಲೆ ಗಡ್ಡ ಮತ್ತೆ ನಮ್ಮ ಮೆಟ್ಟಿಲು ಹತ್ತಿದ. ಹೀರೋ ಎಲ್ಲ ಚೆನ್ನಾಗಿ ಮಾಡಿದ್ದಾನೆ, ದನಿ ಮಾತ್ರ ಮುದುಕನದಾಗುತ್ತಿಲ್ಲ, ನೀನು ಡಬ್ಬಿಂಗ್ ಮಾಡಿಕೊಡಬೇಕು ಅಂತ ಅಣ್ಣನನ್ನು ಕೇಳಿದ. ಅವನ ಮುಖದ ಮೇಲೇ ಬಾಗಿಲು ಹಾಕಬೇಕು ಅನ್ನಿಸಿತು ನನಗೆ. ಅಣ್ಣ ಒಪ್ಪಿದ. ನಾನು ಕುಣಿದಾಡಿದೆ, ಮಾನ ಮರ್ಯಾದೆ ಇದೆಯಾ ಅಂತ ಬೈದೆ.

"ಅಪ್ಪನ ಮಾತು ಯಾರದೋ ಬಾಯಲ್ಲಿ ಕೆಟ್ಟುಹೋಗೋದು ಬೇಡ ಕಣೇ" ಅಂದ ಅಣ್ಣ. "ದನಿಯಾದ್ರೂ ಮನೇದಿರ್ಲಿ. ಅಮ್ಮ ಬೇರೆ ನೋಡಕ್ಕೆ ಬರ್ತಾಳೆ."

ಡಬ್ಬಿಂಗ್ ನೋಡಲು ನಾನು ಒಂದು ಸಲ ಹೋಗಿದ್ದೆ. ಗೋಡೆಗೆಲ್ಲ ಸ್ಪಂಜು ಬಡಿದ ಸಣ್ಣ ಕೋಣೆ. ಎದುರಿಗೆ ತೆರೆ, ಕಿವಿಗೆ ಹೆಡ್‌ಫೋನ್. ಒಂದು ತುಣುಕು ಬರುತ್ತದೆ, ಹೀರೋ ಬಾಯಿ ಆಡಿಸುತ್ತಾನೆ, ಆ ಬಾಯಿಗೆ ಅಣ್ಣ ಮಾತು ಕೂಡಿಸಬೇಕು. ಕೂಡದಿದ್ದರೆ ಮತ್ತೆ ಅದೇ ತುಣುಕು, ಮತ್ತೆ ಮತ್ತೆ. ನಮ್ಮಪ್ಪ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲಿ ಹೀರೋ ತೆಗೆದುಕೊಂಡಿರಲಿಲ್ಲ. ಅಣ್ಣ ತನ್ನ ಉಸಿರು ಹಿಡಿದು ಅವನ ಉಸಿರಿಗೆ ಕಾಯುತ್ತಿದ್ದ. ಮೈ ಅಲ್ಲಾಡದೆ ದನಿ ಬರುವುದಿಲ್ಲವಂತೆ, ಅದಕ್ಕೆ ಹೀರೋ ಹೇಗೆ ನಿಂತಿದ್ದನೋ ಹಾಗೇ ನಿಲ್ಲುತ್ತಿದ್ದ. ಹೀರೋ ಎಲ್ಲವನ್ನೂ ಕಲಿತಿದ್ದ, ಎಡಗಾಲು, ಎರಡು ಬೆರಳು, ಹಿಂದಿರುಗಿ ನೋಡುವುದು. ಆದರೆ ಅವನು ಸೊಂಟದ ಭಾರವನ್ನೆಲ್ಲ ಬಾಗಿಲಿಗೆ ಕೊಟ್ಟು ಒರಗಿದ್ದ. ಅಪ್ಪನ ಸೊಂಟ ಮರಕ್ಕೆ ತಾಗುತ್ತಿತ್ತು, ಒರಗುತ್ತಿರಲಿಲ್ಲ, ಮುಂದಿನ ಪ್ಯಾಸೆಂಜರ್ ಹತ್ತಿರ ಹೋಗಲು ಯಾವಾಗಲೂ ತಯಾರಾಗಿರುತ್ತಿತ್ತು. ಜೀವಮಾನವೆಲ್ಲ ಜನರ ಸೊಂಟ ಅಳೆದವಳು ನಾನು, ನನಗೆ ಕಂಡಿತು. ಅಣ್ಣ ವಾರಗಟ್ಟಲೆ ಬೆಳಿಗ್ಗೆಯಿಂದ ಸಂಜೆಯತನಕ ಆ ಕೋಣೆಯಲ್ಲಿ ಆ ಹೀರೋನನ್ನೇ ನೋಡಿದ. ಅವನಂಥವನು ಅಷ್ಟು ಹೊತ್ತು ಯಾರನ್ನೂ ನೋಡಬಾರದಿತ್ತು.

ಸಿನಿಮಾ ಬರುವ ಮುಂಚೆ ಟಿವಿಯಲ್ಲಿ ಸಂದರ್ಶನ ಬಂತು. ಈ ಪಾತ್ರಕ್ಕಾಗಿ ತಿಂಗಳುಗಟ್ಟಲೆ ವೇಷ ಮರೆಸಿಕೊಂಡು ಸಿಟಿ ಬಸ್ಸಿನಲ್ಲಿ ಓಡಾಡಿದೆ, ಕಂಡಕ್ಟರುಗಳನ್ನು ಗಮನಿಸಿದೆ ಅಂತ ಹೀರೋ ಹೇಳಿದ. ಪಕ್ಕದಲ್ಲಿ ಕೂತಿದ್ದ ಗಡ್ಡ ಹೌದೌದು ಅಂತ ತಲೆಯಾಡಿಸಿದ. ಇದೇ ಹೀರೋ ಸ್ಟುಡಿಯೋದ ಕಾರಿಡಾರಿನಲ್ಲಿ, ಯಾರೂ ಇಲ್ಲದಾಗ, ಅಣ್ಣನನ್ನು ಗುರುಗಳೇ ಅಂತ ಕರೆದು ಕೈಕುಲುಕಿದ್ದ. ನಾನು ಟಿವಿ ಆರಿಸಿದೆ. ಅಣ್ಣ ಎದ್ದು ಮತ್ತೆ ಹಾಕಿ, ಕೊನೆಯತನಕ ನೋಡಿದ.

ಅಮ್ಮನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದೆವು. ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅಣ್ಣ. ತೆರೆಯ ಮೇಲೆ ಏನು ಓಡಾಡಿದರೂ ಅವಳಿಗೆ ಮಸುಕು ಮಸುಕು, ನಿಂತ ಭಂಗಿಯಷ್ಟೇ ತಿಳಿಯುತ್ತಿತ್ತು. ಬಾಗಿಲಲ್ಲಿ ಒಂದು ಆಕಾರ ಬಂದು ನಿಂತಿತು, "ಎಲ್ಲಿಗೆ?" ಅಂತ ಕೇಳಿತು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಣ್ಣನ ಕಡೆ ತಿರುಗಿ, ನೀನೇ ಅಲ್ಲವೇನೋ ಅಂತ ಮೆಲ್ಲಗೆ ಕೇಳಿದಳು.

"ಹೂಂ ಅಮ್ಮ, ನಾನೇ" ಅಂದ ಅಣ್ಣ.

ಸಿನಿಮಾ ಮುಗಿಯುವತನಕ ಅವಳು ಅಳುತ್ತಿದ್ದಳು, ಖುಷಿಗೇ ಅತ್ತದ್ದು. ಕೊನೆಯಲ್ಲಿ ಹೆಸರುಗಳು ಸಾಲಾಗಿ ಮೇಲೆ ಹೋದವು. ಅಣ್ಣನ ಹೆಸರು ಇದೆ ಅಂತ ಗಡ್ಡ ಹೇಳಿದ್ದ. ಜನ ಎದ್ದು ನಿಂತು ಅಡ್ಡ ಬಂದರು, ನಾನು ಕತ್ತು ಉದ್ದ ಮಾಡಿ ಹುಡುಕುವಷ್ಟರಲ್ಲಿ ಲೈಟು ಹಾಕಿಬಿಟ್ಟರು.

ಹೀರೋಗೆ ಪ್ರಶಸ್ತಿ ಬಂತು. ಆ ಗಾಳಿಯಲ್ಲಿ ನಮ್ಮ ಹಳೆಯ ತಂಡದವರು ನಾಟಕವನ್ನು ಮತ್ತೆ ಎತ್ತಿಕೊಂಡರು. ಹಾಲ್ ತುಂಬಿತು. ಅಣ್ಣ ಬಾಗಿಲಲ್ಲಿ ನಿಂತ ಕೂಡಲೇ ಜನ ಚಪ್ಪಾಳೆ ತಟ್ಟಿದರು, ಹೀರೋ ಹೇಳಿದ್ದ ಒಂದು ಮಾತನ್ನು ಅವನಿಗಿಂತ ಮುಂಚೆ ಕೂಗಿ ಹೇಳಿ ನಕ್ಕರು. ಆಟ ಮುಗಿದಮೇಲೆ ಗಂಡ ಹೆಂಡತಿ ಇಬ್ಬರು ಒಳಗೆ ಬಂದು ಫೋಟೋ ತೆಗೆಸಿಕೊಂಡರು. ಗಂಡ ಅಣ್ಣನ ಬೆನ್ನು ತಟ್ಟಿ, ಥೇಟ್ ಅವರ ಹಾಗೇ ಮಾಡುತ್ತೀರಿ, ಎಷ್ಟು ಸಲ ನೋಡಿದ್ದೀರಿ ಸಿನಿಮಾನ ಅಂತ ಕೇಳಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು. ಪರದೆಯ ಪಕ್ಕದಿಂದ ನಾನು ನೋಡಿದ್ದೆ, ಅಣ್ಣನ ಸೊಂಟ ಬಾಗಿಲಿಗೆ ಒರಗಿತ್ತು. ಅವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೊಂದು ಭಾನುವಾರ ಅಮ್ಮ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಅಣ್ಣ ನೀರು ಕುಡಿಯಲು ಬಂದ. ಸಿನಿಮಾದಲ್ಲಿ ನಿಂತ ಹಾಗೆ ಇಲ್ಲಿ ಒಂದು ಸಲ ನಿಲ್ಲು, ಹತ್ತಿರದಿಂದ ನೋಡುತ್ತೇನೆ ಅಂದಳು ಅಮ್ಮ. ಅವನು ಲೋಟ ಕೆಳಗಿಟ್ಟು ಬಾಗಿಲಲ್ಲಿ ನಿಂತ. ಅಮ್ಮ ಎದ್ದು ಹೋಗಿ ಅವನ ತೋಳು, ಬೆನ್ನು, ಸೊಂಟ ಎಲ್ಲ ಮುಟ್ಟಿ ನೋಡಿದಳು. ಹೌದು, ಇದೇ, ಸಿನಿಮಾದಲ್ಲಿ ಹೀಗೇ ನಿಂತಿದ್ದೆ ಅಂತ ನಕ್ಕಳು.

"ಅಪ್ಪ ಹೀಗೇ ನಿಲ್ತಿದ್ರಾ?" ಅಂತ ಅಣ್ಣ ಕೇಳಿದ.

ಅಮ್ಮನ ಕೈ ಅವನ ಸೊಂಟಕ್ಕೂ ಬಾಗಿಲ ಮರಕ್ಕೂ ನಡುವೆ ಬೆರಳು ತೂರಿಸಲು ನೋಡಿತು. ಜಾಗ ಇರಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಅವರು ಹಿಂಗೆ ಒರಗ್ತಿರ್ಲಿಲ್ಲ ಅನ್ಸತ್ತೆ. ಗೊತ್ತಿಲ್ಲಪ್ಪ, ಮರ್ತುಹೋಯ್ತು. ಈಗ ಕಣ್ಮುಚ್ಚಿದ್ರೆ ಸಿನಿಮಾದ್ದೇ ಬರತ್ತೆ."

ಅವಳು ಅಷ್ಟು ಹೇಳಿ ಒಳಗೆ ಮಲಗಲು ಹೋದಳು. ಅಣ್ಣ ಬಾಗಿಲಲ್ಲೇ ಉಳಿದ. ಪಾದ ಸರಿಸಿದ, ಮಂಡಿ ಸಡಿಲಿಸಿದ, ಸೊಂಟ ಹಿಂದಕ್ಕೆಳೆದುಕೊಂಡ. ತಾಗಿಸು ಅಷ್ಟೇ, ಭಾರ ಬಿಡಬೇಡ ಅಂತ ನಾನು ಹೇಳಿಕೊಟ್ಟೆ. ನಾನು ಹೇಳಿದ ಹಾಗೆಲ್ಲ ನಿಂತ. ಅಳತೆಗೆ ಸರಿಯಾಗಿತ್ತು. ಆದರೂ ಅಲ್ಲಿ ನಿಂತಿದ್ದವನು ಆ ಹೀರೋ, ಸ್ವಲ್ಪ ನೆಟ್ಟಗೆ ನಿಂತ ಹೀರೋ. ಅಣ್ಣ ಹೆಗಲ ಮೇಲಿಂದ ಹಿಂದಕ್ಕೆ ನೋಡಲು ಹೋಗಿ, ಅರ್ಧಕ್ಕೇ ನಿಲ್ಲಿಸಿದ.

"ಬರ್ತಿಲ್ಲ ಕಣೇ. ಅಪ್ಪ ಬರ್ತಿಲ್ಲ. ಅವನೇ ಬರ್ತಾನೆ."

ಪಾತ್ರ ಕೈತಪ್ಪಿದಾಗ ಅವನು ಅತ್ತಿರಲಿಲ್ಲ. ಅವತ್ತು ನೆಲದ ಮೇಲೆ ಕೂತು, ಅಮ್ಮನಿಗೆ ಕೇಳಿಸದ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತ. ಅದಾದಮೇಲೆ ಅವನು ಆ ನಾಟಕ ಮಾಡಲಿಲ್ಲ. ಡಾಕ್ಟರ್, ಜಡ್ಜ್ ಈಗಲೂ ಮಾಡುತ್ತಾನೆ, ಕರೆದವರಿಗೆ ಇಲ್ಲ ಅನ್ನುವುದಿಲ್ಲ. ಗಡ್ಡ ಹೊಸ ಸಿನಿಮಾ ಶುರುಮಾಡಿದ್ದಾನಂತೆ, ನಮ್ಮ ಬೀದಿಯ ಗೋಡೆಗೂ ಪೋಸ್ಟರ್ ಹಚ್ಚಿದ್ದಾರೆ. ನಾನು ಹೊಲಿಗೆ ಮಿಷನ್ ಮುಂದೆ ಕೂತು ತಲೆಯೆತ್ತಿದರೆ, ಅಡುಗೆಮನೆಯ ಬಾಗಿಲಲ್ಲಿ ಅಪ್ಪ ನನಗೆ ಇನ್ನೂ ಕಾಣುತ್ತಾನೆ, ಕಾಲು, ಬೆರಳು, ಸೊಂಟ ಎಲ್ಲ ಇದ್ದ ಹಾಗೇ. ಈಗ ಅವನು ಉಳಿದಿರುವುದು ನನ್ನೊಬ್ಬಳ ಹತ್ತಿರ, ನನಗೋ ನಟನೆ ಬರುವುದಿಲ್ಲ.